ಸೊಂಟ ನಮ್ಮದು, ಸೀರೆ ನಿಮ್ಮದು

ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂದು ನಮಗೆ ಬುದ್ಧಿ ಹೇಳುವವರೇ, ಮೊದಲು ದೊಡ್ಡಬಳ್ಳಾಪುರದ ಮಗ್ಗದ ಮನೆಯೊಳಗೆ ಒಂದು ಪಾಳಿ ನಿಂತು ನೋಡಿ. ಎರಡು ಪವರ್‌ಲೂಮ್‌ಗಳ ನಡುವಿನ ಸಂದಿಯಲ್ಲಿ ಹತ್ತು ಹನ್ನೆರಡು ಗಂಟೆ ನಿಲ್ಲಬೇಕು. ಎಳೆ ಹರಿದರೆ ಬಗ್ಗಬೇಕು, ಕಂಡಿಕೆ ಮುಗಿದರೆ ಬದಲಿಸಬೇಕು. ಕರೆಂಟು ರಾತ್ರಿ ಬಂದರೆ ರಾತ್ರಿಯೇ ಹಗಲು. ಪಕ್ಕದವನೊಡನೆ ಮಾತಾಡಬೇಕಾದರೂ ಕಿವಿಗೆ ಬಾಯಿಟ್ಟು ಕೂಗಬೇಕು. ಹೀಗೆ ಇಪ್ಪತ್ತು ವರ್ಷ ದುಡಿದವನ ಸೊಂಟ ಹಿಡಿದುಕೊಂಡರೆ, ಮಂಡಿ ಊದಿದರೆ, ನೀವು ಹೇಳುವ ಕಾರಣ ಒಂದೇ: ವಯಸ್ಸಾಯಿತಲ್ಲ! ನಲವತ್ತು ದಾಟಿದವನಿಗೆ ಎಂಥ ವಯಸ್ಸು ಸ್ವಾಮಿ?

ಮೂರು ತಿಂಗಳು ದಾಟಿಯೂ ಬಿಡದ ನೋವನ್ನು ದೀರ್ಘಕಾಲಿಕ ನೋವು ಎಂದು ವಿಶ್ವ ಆರೋಗ್ಯ ಸಂಸ್ಥೆ ತನ್ನ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಆ ಪಟ್ಟಿ 2022ರಿಂದ ಜಾರಿಯಲ್ಲಿದೆ. ಗಾಯ ಮಾಯ್ದರೂ ನರಗಳು ಚೀರುವುದನ್ನು ನಿಲ್ಲಿಸದೇ ಇರಬಹುದು. ನೋವು ನಿದ್ದೆ ಕೆಡಿಸುತ್ತದೆ, ಕೆಟ್ಟ ನಿದ್ದೆ ನೋವನ್ನು ಹೆಚ್ಚಿಸುತ್ತದೆ, ನಡುವೆ ಸಿಕ್ಕ ಮನಸ್ಸು ಕುಸಿಯುತ್ತದೆ. ಮೈ ಬೇರೆ ಮನಸ್ಸು ಬೇರೆ ಎಂದು ಸೀಳಿಟ್ಟವರು ನಾವಲ್ಲ.

ಎಕ್ಸ್‌ರೇಯಲ್ಲಿ ಏನೂ ಕಾಣದಿದ್ದರೆ ಡಾಕ್ಟರು ಎಲ್ಲ ನಿನ್ನ ಮನಸ್ಸಿನದು ಎನ್ನುತ್ತಾರೆ. ಮನಸ್ಸಿನ ಡಾಕ್ಟರ ಬಾಗಿಲಿಗೆ ಹೋದರೆ ಬೀದಿಗೆ ಬೀದಿಯೇ ಹುಚ್ಚು ಎನ್ನುತ್ತದೆ. ಅಮಿಟ್ರಿಪ್ಟಿಲಿನ್ ಎಂಬ ಮಾತ್ರೆಯನ್ನು ಖಿನ್ನತೆಗೂ ಕೊಡುತ್ತಾರೆ, ಕಡಿಮೆ ಪ್ರಮಾಣದಲ್ಲಿ ನರದ ನೋವಿಗೂ ಕೊಡುತ್ತಾರೆ. ಇದನ್ನು ಬಿಡಿಸಿ ಹೇಳಲು ಎರಡು ನಿಮಿಷ ಸಾಕು. ಆ ಎರಡು ನಿಮಿಷಕ್ಕೂ ಬಡವನಿಗೆ ಯೋಗ್ಯತೆಯಿಲ್ಲ! ಹಾಗಾಗಿ 'ಹುಚ್ಚಿನ ಮಾತ್ರೆ' ಮೋರಿ ಸೇರುತ್ತದೆ, ಅಂಗಡಿಯ ಡೈಕ್ಲೋಫೆನಾಕ್ ಹೊಟ್ಟೆ ಸೇರುತ್ತದೆ. ವರ್ಷಗಟ್ಟಲೆ ನುಂಗಿದರೆ ಜಠರಕ್ಕೂ ಕುತ್ತು, ಕಿಡ್ನಿಗೂ ಕುತ್ತು. ರಾತ್ರಿಯ ನೋವಿಗೆ ಒಂದು ಪ್ಯಾಕೆಟ್ ಕುಡಿದರೆ ಕುಡುಕನೆಂಬ ಬಿರುದು ಬೇರೆ.

ಹೆಂಗಸಿಗೆ ಆ ಪ್ಯಾಕೆಟ್ಟೂ ಇಲ್ಲ. ಇದೇ ಊರಿನ ಅಪರೆಲ್ ಪಾರ್ಕಿನ ಬಟ್ಟೆ ಕಾರ್ಖಾನೆಯಲ್ಲಿ ದಿನವಿಡೀ ಟಾರ್ಗೆಟ್ಟಿಗೆ ಕತ್ತು ಬಗ್ಗಿಸಿ ಹೊಲಿದವಳು ಮನೆಗೆ ಬಂದು ಒಲೆ ಹಚ್ಚಬೇಕು. ಅಯ್ಯೋ ಎಂದರೆ ನಾಟಕವಂತೆ.

ಕಾನೂನಿನ ಕಥೆ ಕೇಳಿ. ಸದ್ದಿಗೆ ಕಿವುಡಾದರೆ ಅದು ಕೆಲಸದಿಂದ ಬಂದ ಕಾಯಿಲೆ ಎಂದು 1948ರ ಕಾರ್ಖಾನೆ ಕಾಯ್ದೆಯ ಪಟ್ಟಿ ಒಪ್ಪಿತು. ಸೊಂಟನೋವಿಗೆ ಅಲ್ಲಿ ಜಾಗ ಸಿಗಲಿಲ್ಲ. ವಿದ್ಯುತ್ ಬಳಸಿ ಹತ್ತು ಮಂದಿಯಾದರೂ ದುಡಿಯುವ ಕಡೆಗೆ ಮಾತ್ರ ಆ ಕಾಯ್ದೆ ಅನ್ವಯಿಸುತ್ತಿತ್ತು; ಎರಡು ಮಗ್ಗದ ಮನೆ ಅದರ ಕಣ್ಣಿಗೇ ಬೀಳಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಎಣಿಸಿತು; ದೀರ್ಘಕಾಲಿಕ ನೋವು ಆ ಲೆಕ್ಕದಲ್ಲಿಲ್ಲ. ಮಾನಸಿಕ ಆರೋಗ್ಯ ಸೇವೆ ಎಲ್ಲರ ಹಕ್ಕು ಎಂದು 2017ರ ಕಾಯ್ದೆ ಸಾರಿತು. ಆದರೆ ರಾಜ್ಯದ ಮನೋಚೈತನ್ಯ ಯೋಜನೆಯಲ್ಲಿ ಮನಸ್ಸಿನ ಡಾಕ್ಟರು ತಾಲ್ಲೂಕು ಆಸ್ಪತ್ರೆಗೆ ಬರಲು ಗೊತ್ತುಮಾಡಿದ ದಿನ ಮಂಗಳವಾರ. ಸೀರೆಗಿಷ್ಟು ಎಂದು ಕೂಲಿ ಪಡೆಯುವವನು ಮಂಗಳವಾರ ಮಗ್ಗ ನಿಲ್ಲಿಸಿದರೆ ಬುಧವಾರದ ಅನ್ನ ಯಾರು ಕೊಡುತ್ತಾರೆ? ಮನಸ್ಸಿನ ಸಂಕಟಕ್ಕೆಂದೇ ಇರುವ ಟೆಲಿ ಮಾನಸ್ ಸಹಾಯವಾಣಿಯ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಪುಕ್ಕಟೆ ಕರೆ ಮಾಡಬಹುದು. ಬದುಕೇ ಬೇಡ ಅನ್ನಿಸಿದ ಗಳಿಗೆ ನಾಚಬೇಡಿ, ಮಾಡಿ. ಆದರೆ ಮಾಲೀಕನ ಹತ್ತಿರ ತಂದ ಮುಂಗಡವನ್ನು ಆ ಫೋನು ತೀರಿಸುವುದಿಲ್ಲ.

ಸಾಹಿತಿಗಳಿಗೂ ಒಂದು ಮಾತು. ಬಂಡಾಯ ಸಾಹಿತ್ಯ ಸಂಘಟನೆ 1979ರಲ್ಲಿ ಹುಟ್ಟಿತು. ಅದರ ಮುಂಚೂಣಿಯಲ್ಲಿದ್ದ ಡಿ.ಆರ್. ನಾಗರಾಜ್ ಈ ಮಗ್ಗದೂರಿನವರೇ. ಇಂದು ನೋವನ್ನು ರೂಪಕ ಮಾಡಿಕೊಂಡು ಸನ್ಮಾನದ ಶಾಲು ಹೊದೆಯುವ ಕವಿಗಳೇ, ಆ ಶಾಲು ನೆಯ್ದವನ ಬೆನ್ನೆಲುಬು ರೂಪಕವಲ್ಲ. ಅದು ಮೂಳೆ.

ನಮಗೆ ಧ್ಯಾನ ಶಿಬಿರ ಬೇಡ. ಪಾಳಿ ಮುಗಿದ ಮೇಲೆ ತೆರೆದಿರುವ ಕ್ಲಿನಿಕ್ ನಮ್ಮ ಓಣಿಯಲ್ಲೇ ಬೇಕು. ಫಿಸಿಯೋಥೆರಪಿಯವರೂ ಆಪ್ತಸಮಾಲೋಚಕರೂ ಒಂದೇ ಸೂರಿನಡಿ ಕೂರಬೇಕು. ಚಿಕಿತ್ಸೆಗೆ ಹೋದ ದಿನದ ಕೂಲಿ ಬೇಕು. ಸೊಂಟನೋವು ದುಡಿಮೆಯ ಗಾಯವೆಂದು ಕಾನೂನಿನಲ್ಲಿ ಬರೆಯಬೇಕು. ಇದು ಭಿಕ್ಷೆಯಲ್ಲ, ನಮಗೆ ಬರಬೇಕಾದ ಬಾಕಿ. ಮುಂಗಡದ ಲೆಕ್ಕವನ್ನು ಪೈಸೆ ಬಿಡದೆ ಬರೆದಿಟ್ಟ ಮಾಲೀಕರೇ, ಸರ್ಕಾರವೇ, ನಮ್ಮ ಸೊಂಟದ ಲೆಕ್ಕವನ್ನೂ ಅದೇ ಪುಸ್ತಕದಲ್ಲಿ ಬರೆಯಿರಿ. ಬರೆಯುವವರೆಗೂ ಈ ಬಾಯಿ ಮುಚ್ಚುವುದಿಲ್ಲ.