ಉಂಡಿ ಕಟ್ಟದ ಪಾಕ

ಕಳೆದ ಶ್ರಾವಣದಲ್ಲಿ ಒಂದು ಬೆಳಿಗ್ಗೆ ಶಾಲೆಗೆ ಹೊರಡುವ ಹೊತ್ತಿಗೆ ಫೋನು ಬಂತು. ಮಾತನಾಡಿದವನು ಇಳಕಲ್ಲಿನ ನನ್ನ ಹಳೆಯ ವಿದ್ಯಾರ್ಥಿ. ಈಗ ಕೆನಡಾದ ಒಂದು ಸಣ್ಣ ಊರಿನಲ್ಲಿದ್ದಾನೆ.

‘ಸರ್, ಪಂಚಮಿ ಬಂತು. ಮಗಳು ಶೇಂಗಾ ಉಂಡಿ ಬೇಕಂತ ಹಟ ಹಿಡದಾಳ. ಇಲ್ಲಿ ಬೆಲ್ಲ ಸಿಗೂ ಅಂಗಡಿ ದೂರ ಐತಿ. ಮನ್ಯಾಗ ಮೇಪಲ್ ಸಿರಪ್ ಇತ್ತು. ಅದನ್ನ ಬಿಸಿ ಮಾಡಿ ಶೇಂಗಾ ಹಾಕಿದೆ. ಉಂಡಿ ಕಟ್ಟವಲ್ದು, ಬರೇ ಕೈಗೆ ಅಂಟತೈತಿ. ಯಾಕ ಸರ್?’

ಹತ್ತನೆಯ ತರಗತಿಯಲ್ಲಿ ಒಂದು ಪ್ರಶ್ನೆಯನ್ನೂ ಕೇಳದಿದ್ದ ಹುಡುಗ ಈಗ ಸಮುದ್ರದಾಚೆಯಿಂದ ಕೇಳಿದ್ದ! ಸಂಜೆ ಹೇಳುತ್ತೇನೆ ಎಂದು ಫೋನಿಟ್ಟೆ. ಆ ದಿನದ ಪಾಠದಲ್ಲಿ ಇದನ್ನೇ ಲೆಕ್ಕವಾಗಿ ಕೊಟ್ಟೆ. ವಿದ್ಯಾರ್ಥಿ ಮಿತ್ರರೇ, ನೀವೂ ಪೆನ್ಸಿಲ್ ಹಿಡಿಯಿರಿ.

ಮೇಪಲ್ ಎಂಬುದು ಉತ್ತರ ಅಮೆರಿಕದ ಒಂದು ಮರ. ಚಳಿಗಾಲ ಮುಗಿಯುವಾಗ, ರಾತ್ರಿ ನೀರು ಹೆಪ್ಪುಗಟ್ಟಿ ಹಗಲು ಕರಗುವ ದಿನಗಳಲ್ಲಿ, ಕಾಂಡಕ್ಕೆ ತೂತು ಕೊರೆದರೆ ರಸ ತೊಟ್ಟಿಕ್ಕುತ್ತದೆ. ಅದನ್ನು ಕುದಿಸಿ ಪಾಕ ಮಾಡುವುದನ್ನು ಅಲ್ಲಿನ ಮೂಲನಿವಾಸಿಗಳು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಆ ರಸದಲ್ಲಿ ಸಕ್ಕರೆ ಇರುವುದು ಸುಮಾರು ಶೇಕಡಾ 2 ಮಾತ್ರ. ಹೀಗಾಗಿ 1 ಲೀಟರ್ ಸಿರಪ್‌ಗೆ 40 ಲೀಟರಿನಷ್ಟು ರಸ ಬೇಕು. ನಮ್ಮ ಮುಧೋಳ, ಮಹಾಲಿಂಗಪುರದ ಕಡೆಯ ರೈತ ಇದನ್ನು ಕೇಳಿದರೆ ನಕ್ಕಾನು. ಅವನಿಗೆ ಸುಮಾರು 10 ಕಿಲೋ ಕಬ್ಬಿಗೆ 1 ಕಿಲೋ ಬೆಲ್ಲ ಬೀಳುತ್ತದೆ.

ಈ ಸಿರಪ್ಪನ್ನು ನೀರಿನ ಕುದಿಬಿಂದುವಿಗಿಂತ ಸುಮಾರು 4 ಡಿಗ್ರಿ ಮೇಲೆ, ಅಂದರೆ 104 ಡಿಗ್ರಿ ಸೆಲ್ಸಿಯಸ್ಸಿಗೆ, ಒಲೆಯಿಂದ ಇಳಿಸುತ್ತಾರೆ. ಆಗ ಅದರಲ್ಲಿ 100 ಗ್ರಾಮಿಗೆ ಸುಮಾರು 66 ಗ್ರಾಂ ಸಕ್ಕರೆ, 34 ಗ್ರಾಂ ನೀರು ಇರುತ್ತದೆ. ದೋಸೆಯ ಮೇಲೆ ಸುರಿದುಕೊಳ್ಳಲು ಇದು ಸರಿ. ಮಲೆನಾಡಿನವರ ಜೋನಿ ಬೆಲ್ಲವೂ ಹೆಚ್ಚುಕಡಿಮೆ ಇದೇ ಹದದ್ದು. ಆದರೆ ಮೂರನೆಯ ಒಂದು ಪಾಲು ನೀರೇ ಇರುವ ಪಾಕದಲ್ಲಿ ಉಂಡಿ ಹೇಗೆ ಕಟ್ಟೀತು? ನನ್ನ ಶಿಷ್ಯ ಸಿರಪ್ಪನ್ನು ಬಿಸಿ ಮಾಡಿದ್ದನೇ ಹೊರತು ಅದರೊಳಗಿನ ನೀರನ್ನು ಓಡಿಸಿರಲಿಲ್ಲ.

ಪಾಕಕ್ಕೆ ನಮ್ಮ ಕಡೆ ‘ಆಣ’ ಎನ್ನುತ್ತೇವೆ. ಆಣ ಬರುವುದೆಂದರೆ ನೀರು ಹೋಗುವುದು, ಇಷ್ಟೇ. ನೀರು ಕಡಿಮೆಯಾದಷ್ಟೂ ಕುದಿಬಿಂದು ಏರುತ್ತದೆ. ಎಳೆ ಬರುವಾಗ 105ರ ಆಸುಪಾಸು, ಉಂಡಿಗೆ 118ರಿಂದ 120, ಚಿಕ್ಕಿಯಂತೆ ಟಕ್ಕನೆ ಮುರಿಯಬೇಕಾದರೆ 146ರ ಮೇಲೆ. ಇವು ಶುದ್ಧ ಸಕ್ಕರೆಯ ಅಂಕಿಗಳು, ಅದೂ ಸಮುದ್ರ ಮಟ್ಟದಲ್ಲಿ. ಬಾಗಲಕೋಟೆಯ ಎತ್ತರದಲ್ಲಿ ನೀರು 98 ಡಿಗ್ರಿಗೇ ಕುದಿಯುವುದರಿಂದ ನಾವು ಎಲ್ಲದರಲ್ಲೂ ಸುಮಾರು 2 ಡಿಗ್ರಿ ಕಳೆಯಬೇಕು.

ಹಾಗಾದರೆ ಒಂದು ಥರ್ಮಾಮೀಟರ್ ತಂದರಾಯಿತಲ್ಲ ಎನ್ನುತ್ತೀರಾ? 1995ರಲ್ಲಿ ನಾನೂ ಹಾಗೆಯೇ ಅಂದುಕೊಂಡಿದ್ದೆ. ಬಿ.ಎಡ್. ಮುಗಿಸಿ ನೌಕರಿಗೆ ಸೇರಿದ ಹೊಸತು. ತಂಗಿಗೆ ಮದುವೆಯಾದ ಮೇಲಿನ ಮೊದಲ ಪಂಚಮಿ. ಮರುದಿನ ತವರಿಗೆ ಬರುವವಳಿದ್ದಳು, ತಿರುಗಿ ಹೋಗುವಾಗ ಬುಟ್ಟಿ ತುಂಬ ಉಂಡಿ ಕೊಟ್ಟು ಕಳಿಸಬೇಕು. ಹುನಗುಂದದ ಮನೆಯಲ್ಲಿ ಅವ್ವ ಒಲೆಯ ಮುಂದೆ ಕೂತು, ಬಟ್ಟಲಿನ ತಣ್ಣೀರಿಗೆ ಹನಿ ಹನಿ ಆಣ ಬಿಟ್ಟು ಬೆರಳಲ್ಲಿ ಹಿಸುಕಿ ನೋಡುತ್ತಿದ್ದಳು. ‘ಇದೆಲ್ಲ ಅಂದಾಜಿನ ಕೆಲಸ, ನಾನು ಸರಿಯಾಗಿ ಅಳೆದು ಹೇಳತೀನಿ ತಡಿ’ ಎಂದು ಶಾಲೆಯ ಪ್ರಯೋಗಾಲಯದಿಂದ ತಂದಿದ್ದ ಪಾದರಸದ ಥರ್ಮಾಮೀಟರನ್ನು ಬೋಗುಣಿಗೆ ಇಳಿಬಿಟ್ಟೆ. ಅದರ ಅಳತೆ 110 ಡಿಗ್ರಿವರೆಗೆ ಮಾತ್ರ. ಪಾದರಸ ತುದಿ ಮುಟ್ಟಿದ್ದನ್ನು ನೋಡುತ್ತ ನಿಂತಿದ್ದೆನೇ ಹೊರತು ಮುಂದೆ ಅದಕ್ಕೆ ಹಿಗ್ಗಲು ಜಾಗವಿಲ್ಲವೆಂಬುದು ಹೊಳೆಯಲಿಲ್ಲ. ಬುಡ ಟಪ್ಪೆಂದು ಒಡೆಯಿತು. ದ್ರವಗಳ ಹಿಗ್ಗುವಿಕೆಯ ಪಾಠವನ್ನು ಅದೇ ವಾರ ಮಾಡಿ ಬಂದಿದ್ದೆ!

ಪಾದರಸ ವಿಷ. ಕಾದರೆ ಅದರ ಆವಿ ಇನ್ನೂ ಕೆಟ್ಟದ್ದು. ಕಿಟಕಿ ಬಾಗಿಲು ತೆರೆದು ಎಲ್ಲರನ್ನೂ ಹೊರಗೆ ಕಳಿಸಿದೆ. ಅಷ್ಟೂ ಬೆಲ್ಲವನ್ನು ಬೋಗುಣಿ ಸಮೇತ ಬಿಟ್ಟುಕೊಡಬೇಕಾಯಿತು. ಅವ್ವ ಬೈಯಲಿಲ್ಲ. ಸಂಜೆ ಪಕ್ಕದ ಮನೆಯಿಂದ ಬೆಲ್ಲ ಕಡ ತಂದು, ಅಂಗಳದಲ್ಲಿ ಮೂರು ಕಲ್ಲು ಹೂಡಿ ಮತ್ತೆ ಆಣ ಇಟ್ಟಳು. ‘ನಿನ್ನ ಕಡ್ಡಿ ಎಲ್ಲಿ ತನಕ ಎಣಸತೈತಿ ಅಂತ ಮದ್ಲ ಕೇಳಬೇಕಿತ್ತು’ ಎಂದಳು, ಅಷ್ಟೇ. ಆಕೆ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ.

ಅಂದಾಜಿನ ಕೆಲಸ ಎಂದಿದ್ದೆನಲ್ಲ, ಅದು ತಪ್ಪು ಎಂದು ತಿಳಿಯಲು ನನಗೆ ಇನ್ನೂ ಕೆಲವು ವರ್ಷ ಹಿಡಿಯಿತು. ಬೆಲ್ಲವೆಂದರೆ ಬರೀ ಸಕ್ಕರೆಯಲ್ಲ. ಅದರಲ್ಲಿ ಗ್ಲೂಕೋಸ್, ಫ್ರಕ್ಟೋಸ್, ಲವಣಗಳೂ ಇರುತ್ತವೆ. ಶ್ರಾವಣದ ತೇವಕ್ಕೆ ಹಳೆಯ ಬೆಲ್ಲ ಬೆವರುತ್ತದೆ, ಅದರಲ್ಲಿನ ಸಕ್ಕರೆ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಇನ್ನೂ ಹೆಚ್ಚುತ್ತವೆ. ಇಂಥ ಬೆಲ್ಲ ಗಟ್ಟಿಯಾಗದು, ಬೇಗ ಸೀಯುತ್ತದೆ. ಹೀಗಿರುವಾಗ ಒಂದೇ ಡಿಗ್ರಿ ಎಲ್ಲ ಬೆಲ್ಲಕ್ಕೂ ಹೊಂದುವುದಿಲ್ಲ. ಉಂಡಿ ತಣ್ಣಗಾದ ಮೇಲೆ ಹೇಗಿರುತ್ತದೆ ಎಂಬುದು ತಾನೆ ನಮಗೆ ಬೇಕಾದದ್ದು? ತಣ್ಣೀರಿಗೆ ಬಿದ್ದ ಹನಿ ಅದನ್ನೇ ನೇರವಾಗಿ ತೋರಿಸುತ್ತದೆ. ಕರಗಿ ಹರಡಿದರೆ ಇನ್ನೂ ನೀರಿದೆ, ಬೆರಳಲ್ಲಿ ಉಂಡೆಯಾದರೆ ಬಂತು, ಬಟ್ಟಲಿಗೆ ಟಣ್ ಎಂದರೆ ಮೀರಿತು. ನಮ್ಮ ಹುನಗುಂದ ತಾಲ್ಲೂಕಿನ ಅಮೀನಗಡದ ಕರದಂಟು ಹಲ್ಲಿಗೆ ಬಿಗಿಯಾಗಿದ್ದೂ ಹಲ್ಲು ಮುರಿಯದಿರುವುದು ಈ ಹದದಿಂದಲೇ. ಕೆನಡಾದವರಿಗೂ ಇದು ಗೊತ್ತು. ವಸಂತದಲ್ಲಿ ಕುದಿಯುವ ಮೇಪಲ್ ಪಾಕವನ್ನು ಹಿಮದ ಮೇಲೆ ಸುರಿದು, ಅಂಟಾದದ್ದನ್ನು ಕಡ್ಡಿಗೆ ಸುತ್ತಿ ತಿನ್ನುತ್ತಾರೆ. ಅವ್ವನ ಬಟ್ಟಲಿನ ಕೆಲಸವನ್ನು ಅಲ್ಲಿ ಹಿಮ ಮಾಡುತ್ತದೆ.

ಸಂಜೆ ಶಿಷ್ಯನಿಗೆ ಫೋನಿನಲ್ಲಿ ಹೇಳಿದ್ದು ಇದು. ಅವನಲ್ಲಿ ಥರ್ಮಾಮೀಟರ್ ಇರಲಿಲ್ಲ, ತಕ್ಕಡಿ ಇತ್ತು. ಕುದಿಯುವಾಗ ನೀರು ಹಾರಿಹೋಗುತ್ತದೆ, ಸಕ್ಕರೆ ಹಾರುವುದಿಲ್ಲ. ಹಾಗಾಗಿ 300 ಗ್ರಾಂ ಸಿರಪ್ ಕುದಿದು 225 ಗ್ರಾಮಿಗೆ ಇಳಿದರೆ, ಅದರಲ್ಲಿ ಸಕ್ಕರೆ ಶೇಕಡಾ 88. ಉಂಡಿಯ ಆಣ ಇದೇ. ಆಳವಾದ ಪಾತ್ರೆ ತೆಗೆದುಕೋ, ಮೊದಲು ಬರಿಪಾತ್ರೆಯ ತೂಕ ಬರೆದಿಡು. ನೊರೆ ಉಕ್ಕಿದರೆ ಅರ್ಧ ಚಮಚ ತುಪ್ಪ ಹಾಕು, ಇಳಿಯುತ್ತದೆ. ಬಿಸಿ ಪಾತ್ರೆಯನ್ನು ತಕ್ಕಡಿಯ ಮೇಲೆ ನೇರವಾಗಿ ಇಡದೆ ಕೆಳಗೆ ಮಣೆ ಇಟ್ಟು ಅದರ ತೂಕ ಕಳೆ. ಬಟ್ಟಲಿನ ನೀರಲ್ಲೂ ಹನಿ ಬಿಟ್ಟು ನೋಡು. ಹುರಿದು ಸಿಪ್ಪೆ ತೆಗೆದ ಶೇಂಗಾ 350 ಗ್ರಾಂ, ಒಂದಿಷ್ಟು ಯಾಲಕ್ಕಿ. ಕೈಗೆ ತುಪ್ಪ ಸವರಿ, ಬಿಸಿ ತಡೆಯುವಷ್ಟಾದ ಕೂಡಲೇ ಕಟ್ಟಬೇಕು.

ಪಾಲಕರಿಗೆ ಒಂದು ಮಾತು. ಆಣ ಕುದಿನೀರಿಗಿಂತ ಬಿಸಿ, ಮೇಲಾಗಿ ಚರ್ಮಕ್ಕೆ ಅಂಟಿ ಕೂರುತ್ತದೆ. ತೂಕ, ಲೆಕ್ಕ ಮಕ್ಕಳು ಮಾಡಲಿ, ಒಲೆಯ ಕೆಲಸ ದೊಡ್ಡವರದ್ದೇ ಇರಲಿ. ಸಿಡಿದರೆ ತಕ್ಷಣ ಇಪ್ಪತ್ತು ನಿಮಿಷ ಹರಿಯುವ ನೀರಿನಲ್ಲಿ ಹಿಡಿಯಿರಿ. ಇನ್ನು ಬೆಲ್ಲವಾಗಲಿ ಮೇಪಲ್ ಆಗಲಿ, ಸಕ್ಕರೆ ಕಾಯಿಲೆಯವರಿಗೆ ಸಕ್ಕರೆಯೇ. ಜಾಹೀರಾತನ್ನು ನಂಬಬೇಡಿ.

ಮರುದಿನ ಮತ್ತೆ ಫೋನು. ಹದಿನೆಂಟು ಉಂಡಿ ಆಗಿದ್ದವಂತೆ, ಬಣ್ಣ ಸ್ವಲ್ಪ ತಿಳಿಯಂತೆ. ‘ಮಗಳು ಲೆಕ್ಕಾ ಹಾಕ್ಯಾಳ್ರೀ ಸರ್. ಮುನ್ನೂರು ಗ್ರಾಮನ್ನ ಎರಡು ನೂರಕ್ಕ ಇಳಿಸಿದ್ರ ಚಿಕ್ಕಿ ಆಕ್ಕೈತಿ ಅಂತಾಳ. ಖರೇ ಏನ್ರೀ?’

ಖರೇ ಎಂದೆ. ಆದರೆ ಕಡೆಯ ಹತ್ತು ಗ್ರಾಮಿನಲ್ಲಿ ಒಲೆ ಬಿಟ್ಟು ಕದಲಬೇಡ, ಸೀದುಹೋಗುತ್ತದೆ ಎಂದೂ ಹೇಳಿದೆ.