ಮನೆಯ ಗಣಕದಲ್ಲಿ ಮೊದಲ ಅಭ್ಯಾಸ



ಬೀದರ ನಗರದಲ್ಲಿಯೂ ಭಾಲ್ಕಿಯಲ್ಲಿಯೂ ಇಂಜಿನಿಯರಿಂಗ್ ಕಾಲೇಜುಗಳಿವೆ. ಔರಾದದಂಥ ಗಡಿ ತಾಲೂಕಿನ ಮಕ್ಕಳೂ ಇಂದು ಗಣಕವಿಜ್ಞಾನವನ್ನು ಆರಿಸಿಕೊಂಡು ಓದುತ್ತಿದ್ದಾರೆ. ಅವರು ಪುಸ್ತಕದ ಪಾಠವನ್ನು ಕಲಿಯುತ್ತಾರೆ, ಪರೀಕ್ಷೆಯಲ್ಲಿ ಒಳ್ಳೆಯ ಅಂಕಗಳನ್ನೂ ಪಡೆಯುತ್ತಾರೆ. ಆದರೆ ಸಾವಿರಾರು ಜನ ನಿತ್ಯ ಬಳಸುವ ಜಾಲತಾಣವೊಂದರ ಒಳಗನ್ನು ಬಿಚ್ಚಿ ನೋಡುವ ಯೋಗ ದೊರೆಯುವುದು ಪುಣೆ, ಹೈದರಾಬಾದು, ಬೆಂಗಳೂರುಗಳಿಗೆ ಹೋದ ಮೇಲೆಯೇ ಎಂಬ ನಂಬಿಕೆ ನಮ್ಮ ಭಾಗದಲ್ಲಿ ಬೇರೂರಿದೆ. ಈ ನಂಬಿಕೆಯನ್ನು ಬಿಡುವ ಕಾಲ ಬಂದಿದೆ. ಔರಾದದ ಮನೆಯೊಂದರ ಪಡಸಾಲೆಯಲ್ಲಿ ಕುಳಿತೇ ಆ ಕೆಲಸವನ್ನು ಆರಂಭಿಸಬಹುದು. ಅದು ಹೇಗೆ, ಅದರಲ್ಲಿ ವಹಿಸಬೇಕಾದ ಎಚ್ಚರಿಕೆ ಏನು ಎಂಬುದನ್ನು ಈ ಸಂಚಿಕೆಯಲ್ಲಿ ವಿವರಿಸಲು ಬಯಸುತ್ತೇವೆ.

ಮುಕ್ತ ತಂತ್ರಾಂಶವೆಂದರೆ ಅದರ ಮೂಲ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಮತ್ತೊಬ್ಬರಿಗೆ ಹಂಚಬಹುದು. ನಾವು ಇಲ್ಲಿ ಉದಾಹರಣೆಗೆ ತೆಗೆದುಕೊಳ್ಳುವುದು ಮೀಡಿಯಾವಿಕಿ ಎಂಬ ತಂತ್ರಾಂಶವನ್ನು. ಇದರ ಮೊದಲ ರೂಪವನ್ನು ಬರೆದವನು ಜರ್ಮನಿಯ ವಿದ್ಯಾರ್ಥಿ ಮಾಗ್ನಸ್ ಮಾನ್ಸ್ಕೆ. 2002ರ ಜನವರಿಯಲ್ಲಿ ಅದು ಇಂಗ್ಲಿಷ್ ವಿಕಿಪೀಡಿಯದಲ್ಲಿ ಬಳಕೆಗೆ ಬಂದಿತು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವೂ, ಹಳೆಯ ಗ್ರಂಥಗಳನ್ನು ಸಂಗ್ರಹಿಸುವ ಕನ್ನಡ ವಿಕಿಸೋರ್ಸ್ ಕೂಡ ನಡೆಯುತ್ತಿರುವುದು ಇದೇ ತಂತ್ರಾಂಶದ ಮೇಲೆ. ವಿಕಿಸೋರ್ಸಿನಲ್ಲಿ ಶರಣರ ವಚನಗಳೂ ಇವೆ. ಹೀಗಾಗಿ ಇದು ದೂರದ ಯಾವುದೋ ಕಂಪನಿಯ ಸರಕಲ್ಲ. ನಮ್ಮ ಮನೆಯವರು ಓದುವ ಪುಟಗಳ ಹಿಂದೆ ದುಡಿಯುವ ಯಂತ್ರ.

ಆದರೆ ಎಲ್ಲರೂ ಬಳಸುವ ತಾಣದ ಮೇಲೆ ನೇರವಾಗಿ ಪ್ರಯೋಗ ಮಾಡುವುದು ಸಲ್ಲದು. ಒಂದು ಅಲ್ಪವಿರಾಮ ತಪ್ಪಿದರೂ ಪುಟ ತೆರೆಯದೆ ಹೋಗಬಹುದು. ಆದ್ದರಿಂದ ಬಲ್ಲವರು ಮೊದಲು ಅದೇ ತಂತ್ರಾಂಶದ ಪ್ರತಿಯೊಂದನ್ನು ತಮ್ಮ ಗಣಕಕ್ಕೆ ಇಳಿಸಿಕೊಂಡು, ಅಲ್ಲಿಯೇ ನಡೆಸಿ, ತಿದ್ದಿ, ಕೆಡಿಸಿ, ಸರಿಪಡಿಸಿ ನೋಡುತ್ತಾರೆ. ಇದಕ್ಕೆ ಸ್ಥಳೀಯ ಅಭಿವೃದ್ಧಿ ಪರಿಸರವೆಂದು ಹೆಸರು. ಸರಳವಾಗಿ ಹೇಳುವುದಾದರೆ ಇದು ಮನೆಯ ಅಭ್ಯಾಸದ ಪ್ರತಿ.

ಮನೆಮನೆಯಲ್ಲಿ ಪ್ರತಿಯಿರುವುದರ ಬೆಲೆ ನಮ್ಮ ಸಮಾಜಕ್ಕೆ ಹೊಸದಾಗಿ ಹೇಳಬೇಕಾದುದಲ್ಲ. ವಚನಗಳು ಉಳಿದುದು ಓಲೆಗರಿಯ ಕಟ್ಟುಗಳನ್ನು ಅನೇಕರು ಪ್ರತಿಮಾಡಿ ತಮ್ಮ ಮನೆಗಳಲ್ಲಿ, ಮಠಗಳಲ್ಲಿ ಕಾಪಾಡಿದುದರಿಂದ. ಫ.ಗು. ಹಳಕಟ್ಟಿಯವರು ಅವುಗಳನ್ನು ಹುಡುಕಿ ಕೂಡಿಸಿದುದರಿಂದಲೇ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರಬಂದಿತು. ಇದಕ್ಕೆ ಎದುರಾದ ನಿದರ್ಶನವೂ ಬೀದರದಲ್ಲಿಯೇ ಇದೆ. 1472ರಲ್ಲಿ ಮಹಮೂದ ಗವಾನನು ಕಟ್ಟಿಸಿದ ಮದರಸಾ ದೊಡ್ಡ ಗ್ರಂಥಭಂಡಾರಕ್ಕೆ ಹೆಸರಾಗಿತ್ತು. 17ನೆಯ ಶತಮಾನದ ಕೊನೆಗೆ ಅಲ್ಲಿ ಇಟ್ಟಿದ್ದ ಸಿಡಿಮದ್ದು ಸ್ಫೋಟಗೊಂಡು ಕಟ್ಟಡದ ಒಂದು ಪಾಲೇ ಕುಸಿಯಿತು. ಒಂದೇ ಕಡೆ ಕೂಡಿಟ್ಟ ವಿದ್ಯೆಗೆ ಇಂಥ ಅಪಾಯ ಯಾವಾಗಲೂ ಇರುತ್ತದೆ. ತಂತ್ರಾಂಶದ ಲೋಕದಲ್ಲಿ 2005ರಿಂದ ಬಳಕೆಯಲ್ಲಿರುವ ಗಿಟ್ ಎಂಬ ಸಾಧನ ಈ ಭಯವನ್ನು ನಿವಾರಿಸುತ್ತದೆ. ಅದರ ಮೂಲಕ ಇಳಿಸಿಕೊಂಡ ಪೂರ್ಣ ಪ್ರತಿಯೊಂದರಲ್ಲಿ ಇಂದಿನ ಬರಹದೊಡನೆ, ಯಾರು ಯಾವ ದಿನ ಏನನ್ನು ತಿದ್ದಿದರೆಂಬ ಚರಿತ್ರೆಯೂ ಇರುತ್ತದೆ.

ಈಗ ಕೆಲಸದ ಕ್ರಮವನ್ನು ನೋಡೋಣ. 4 ಜಿಬಿ ಮೆಮೊರಿಯ ಹಳೆಯ ಲ್ಯಾಪ್‌ಟಾಪ್ ಆದರೂ ಅಭ್ಯಾಸಕ್ಕೆ ಸಾಕು. ಮೂರು ಸಾಧನಗಳು ಬೇಕು: ಮೀಡಿಯಾವಿಕಿಯನ್ನು ಬರೆದಿರುವ ಭಾಷೆಯಾದ ಪಿಎಚ್‌ಪಿ, ಅದಕ್ಕೆ ಬೇಕಾದ ಉಪಭಾಗಗಳನ್ನು ಕೂಡಿಸಿಕೊಡುವ ಕಂಪೋಸರ್, ಮತ್ತು ಮೇಲೆ ಹೇಳಿದ ಗಿಟ್. ಮೂರೂ ಉಚಿತ. ಊರಿನಲ್ಲಿ ನೆಟ್‌ವರ್ಕ್ ದುರ್ಬಲವಾಗಿದ್ದರೆ, ಕಾಲೇಜಿಗೆ ಹೋದ ದಿನ ಇವುಗಳನ್ನೂ ಮೀಡಿಯಾವಿಕಿಯ ಮೂಲವನ್ನೂ ಉಪಭಾಗಗಳನ್ನೂ ಇಳಿಸಿಕೊಂಡು ಬರಬೇಕು. ಡೇಟಾ ಉಳಿಸಬೇಕೆನ್ನುವವರು ಹಿಂದಿನ ಚರಿತ್ರೆಯನ್ನು ಬಿಟ್ಟು ಇತ್ತೀಚಿನ ಪ್ರತಿಯನ್ನಷ್ಟೇ ತರಬಹುದು. ಒಮ್ಮೆ ತಂದ ಮೇಲೆ ಅಭ್ಯಾಸಕ್ಕೆ ಅಂತರ್ಜಾಲದ ಹಂಗಿಲ್ಲ. ನೆಟ್‌ವರ್ಕ್ ಸಿಗದ ಹಳ್ಳಿಯಲ್ಲಿಯೂ ಕೆಲಸ ಸಾಗುತ್ತದೆ.

ಅನಂತರ ಸ್ಥಾಪನೆ. ಪುಟಗಳನ್ನು ಶೇಖರಿಸಿಡಲು ಒಂದು ಡೇಟಾಬೇಸ್ ಬೇಕು. ದೊಡ್ಡ ತಾಣಗಳು ಮಾರಿಯಾಡಿಬಿಯಂಥ ದೊಡ್ಡ ವ್ಯವಸ್ಥೆಯನ್ನು ಬಳಸುತ್ತವೆ. ಆರಂಭದ ವಿದ್ಯಾರ್ಥಿಗೆ ಎಸ್‌ಕ್ಯೂಲೈಟ್ ಸಾಕು. ಅದರಲ್ಲಿ ಡೇಟಾಬೇಸೆಂದರೆ ಸಾಮಾನ್ಯ ಕಡತವೇ. ಸ್ಥಾಪನೆಯ ಆಜ್ಞೆ ನಡೆದಾಗ ‘ಲೋಕಲ್ ಸೆಟ್ಟಿಂಗ್ಸ್’ ಎಂಬ ಕಡತ ಹುಟ್ಟುತ್ತದೆ. ತಾಣದ ಹೆಸರು, ಭಾಷೆ, ಗುಪ್ತ ಸಂಕೇತಗಳು ಎಲ್ಲವೂ ಅದರಲ್ಲಿರುವುದರಿಂದ ಅದನ್ನು ಯಾರಿಗೂ ಕಳುಹಿಸಬಾರದು. ಕೊನೆಗೆ ಸರ್ವರನ್ನು ಆರಂಭಿಸಿ, ಬ್ರೌಸರಿನಲ್ಲಿ 127.0.0.1 ಎಂಬ ವಿಳಾಸವನ್ನೂ ಅದರ ಮುಂದೆ 4000 ಎಂಬ ಬಾಗಿಲಿನ ಸಂಖ್ಯೆಯನ್ನೂ ಕೊಟ್ಟರೆ ತಾಣ ತೆರೆದುಕೊಳ್ಳುತ್ತದೆ. 127.0.0.1 ಎಂಬುದು ಪ್ರತಿಯೊಂದು ಗಣಕವೂ ತನ್ನನ್ನು ತಾನೇ ಕರೆದುಕೊಳ್ಳುವ ವಿಳಾಸ. ಹೊರಗಿನವರು ಆ ವಿಳಾಸವನ್ನು ಹಿಡಿದು ನಿಮ್ಮ ಪುಟವನ್ನು ನೋಡಲಾರರು.

ಮೊದಲ ದಿನವೇ ಎಲ್ಲವೂ ಸರಾಗವಾಗಿ ನಡೆಯುವುದು ಅಪರೂಪ. ಸಾಮಾನ್ಯ ಅಡಚಣೆಗಳು ಮೂರು. ಪಿಎಚ್‌ಪಿಯ ಆವೃತ್ತಿ ಹಳೆಯದಾಗಿರುವುದು ಮೊದಲನೆಯದು, ಮೀಡಿಯಾವಿಕಿ 1.43ಕ್ಕೆ ಪಿಎಚ್‌ಪಿ 8.1 ಅಥವಾ ಅದಕ್ಕಿಂತ ಹೊಸದು ಬೇಕು. ಬೇಕಾದ ಉಪಭಾಗವೊಂದು ಇಲ್ಲದಿರುವುದು ಎರಡನೆಯದು. ಅದೇ ಬಾಗಿಲಿನ ಸಂಖ್ಯೆಯನ್ನು ಬೇರೊಂದು ತಂತ್ರಾಂಶ ಹಿಡಿದುಕೊಂಡಿರುವುದು ಮೂರನೆಯದು. ಪರದೆಯ ಮೇಲೆ ಮೂಡುವ ಕೆಂಪು ಸಾಲುಗಳನ್ನು ಕಂಡು ಗಾಬರಿಯಾಗಬಾರದು. ಅವನ್ನು ನಿಧಾನವಾಗಿ ಓದಿ, ಕಂಡ ದೋಷ ಯಾವುದು, ಮಾಡಿದ ಪರಿಹಾರ ಯಾವುದು ಎಂದು ಒಂದು ವಹಿಯಲ್ಲಿ ಬರೆದಿಡಬೇಕು. ಆ ವಹಿಯೇ ಮುಂದೆ ತಂಗಿಗೋ ನೆರೆಮನೆಯ ಹುಡುಗನಿಗೋ ಪಠ್ಯಪುಸ್ತಕವಾಗುತ್ತದೆ.

ಪರಿಸರ ಸಿದ್ಧವಾದ ಮೇಲೆ ಮಾಡಲು ಕೆಲಸವೇನಿದೆ ಎಂದು ಕೆಲವರು ಕೇಳಬಹುದು. ಕನ್ನಡಕ್ಕೆ ಸಂಬಂಧಿಸಿದ ಕೆಲಸವೇ ಬೇಕಾದಷ್ಟಿದೆ. ‘ಬೀದರ’ ಎಂಬ ಹೆಸರು ನಮ್ಮ ಕಣ್ಣಿಗೆ ಮೂರು ಅಕ್ಷರ. ಯೂನಿಕೋಡಿನಲ್ಲಿ ಅದು ನಾಲ್ಕು ಸಂಕೇತ; ಬ, ಈಕಾರದ ಚಿಹ್ನೆ, ದ, ರ. ಯುಟಿಎಫ್-8 ಎಂಬ ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕಾಗುವುದರಿಂದ, ಗಣಕದ ಲೆಕ್ಕದಲ್ಲಿ ಅದೇ ಹೆಸರು 12 ಬೈಟ್. ಇಂಗ್ಲಿಷ್ ಒಂದನ್ನೇ ನೆನೆದು, ಹೆಸರಿಗೆ 20 ಬೈಟ್ ಸಾಕೆಂದು ಬರೆದ ತಂತ್ರಾಂಶ ಕನ್ನಡದ ಹೆಸರನ್ನು ನಡುವೆಯೇ ಕತ್ತರಿಸುತ್ತದೆ. ಮತ್ತೊಂದು ತೊಡಕು ಅರ್ಕಾವತ್ತಿನದು. ‘ಕಾರ್ಯ’ ಎಂದೂ ‘ಕಾರ‍್ಯ’ ಎಂದೂ ಎರಡು ಬಗೆಯಾಗಿ ಬರೆಯುವ ರೂಢಿಯುಂಟು. ಎರಡನೆಯ ರೂಪದ ಒಳಗೆ ಕಣ್ಣಿಗೆ ಕಾಣದ ಸಂಕೇತವೊಂದು ಅಡಗಿರುತ್ತದೆ. ಹುಡುಕುವ ತಂತ್ರಾಂಶವು ಅದನ್ನು ಬದಿಗಿರಿಸುವಂತೆ ಬರೆದಿರದಿದ್ದರೆ ಒಂದನ್ನು ಹುಡುಕಿದವರಿಗೆ ಇನ್ನೊಂದು ಸಿಗದು. ವಚನವಿದ್ದೂ ಇಲ್ಲದಂತಾಗುತ್ತದೆ. ಹಳೆಯ ನುಡಿ, ಬರಹ ಲಿಪಿಗಳಲ್ಲಿ ಬೆರಳಚ್ಚು ಮಾಡಿದ ಕಡತಗಳನ್ನು ಯೂನಿಕೋಡಿಗೆ ತರುವುದೂ ಇಂಥದೇ ಕೆಲಸ. ಆ ಲಿಪಿ ಇಲ್ಲದ ಗಣಕದಲ್ಲಿ ಅವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ತೋರುತ್ತವೆ.

ಇವನ್ನೆಲ್ಲ ಪರೀಕ್ಷಿಸಲು ಮನೆಯ ಪ್ರತಿಯೇ ತಕ್ಕ ಸ್ಥಳ. ವಿಕಿಸೋರ್ಸಿನ ಕೆಲವು ಪುಟಗಳನ್ನು ಅಲ್ಲಿಯ ರಫ್ತು ಸೌಲಭ್ಯದಿಂದ ಪಡೆದು ಮನೆಯ ಪ್ರತಿಗೆ ಆಮದು ಮಾಡಿಕೊಳ್ಳಬಹುದು. ಮೀಡಿಯಾವಿಕಿಯ ಕನ್ನಡ ಸಂದೇಶಗಳ ಕಡತದಲ್ಲಿ ಒಂದು ಮಾತನ್ನು ಬದಲಿಸಿ, ಅದು ಪುಟದ ಮೇಲೆ ಹೇಗೆ ಕಾಣುತ್ತದೆಂದು ನೋಡಬಹುದು. ಅಲ್ಲಿ ಸರಿಯೆನಿಸಿದ ಅನುವಾದವನ್ನು ಅನುವಾದಕರ ತಾಣವಾದ ಟ್ರಾನ್ಸ್‌ಲೇಟ್‌ವಿಕಿಗೂ, ಮೂಲ ಬರಹದ ತಿದ್ದುಪಡಿಯನ್ನು ಪರಿಶೀಲಕರ ಮುಂದೆಯೂ ಇಡಬೇಕು. ಅವರು ಒಪ್ಪಿದ ಮೇಲಷ್ಟೇ ಅದು ಲೋಕಕ್ಕೆ ಸಲ್ಲುತ್ತದೆ. ನಿಜಾಮರ ಆಳಿಕೆಯಲ್ಲಿ ಹೊರಗೆ ಉರ್ದು ಫಲಕವಿಟ್ಟು ಒಳಗೆ ಕನ್ನಡ ಕಲಿಸಿದ ಭಾಲ್ಕಿಯ ಲಿಂ. ಡಾ. ಚನ್ನಬಸವ ಪಟ್ಟದ್ದೇವರನ್ನು ಕಂಡ ನಾಡಿದು. ಗಣಕದೊಳಗಿನ ಕನ್ನಡವನ್ನು ಸರಿಪಡಿಸುವ ಸೇವೆ ಈ ನಾಡಿನ ಮಕ್ಕಳಿಗೆ ಪರಕೀಯವಾಗಲಾರದು.

ಒಂದು ಎಚ್ಚರಿಕೆಯನ್ನು ವಿಶೇಷವಾಗಿ ಹೇಳಬೇಕಾಗಿದೆ. ಕೆಲಸ ಕಲಿತ ಉತ್ಸಾಹದಲ್ಲಿ ಯುವಕರು ತಮ್ಮೂರಿನ ಸಂಘಕ್ಕೆ ಸದಸ್ಯರ ಪಟ್ಟಿ, ದಾಸೋಹದ ಕಾಣಿಕೆ ಕೊಟ್ಟವರ ಪಟ್ಟಿ, ವಧೂವರರ ಮಾಹಿತಿ ಇತ್ಯಾದಿಗಳ ತಾಣ ಮಾಡಿಕೊಡಲು ಮುಂದಾಗುವುದು ಸಹಜ. ಅಂಥ ಕೆಲಸದ ಅಭ್ಯಾಸದ ಪ್ರತಿಯಲ್ಲಿ ನಿಜವಾದ ಜನರ ಹೆಸರು, ದೂರವಾಣಿ ಸಂಖ್ಯೆ, ಜನ್ಮದಿನಾಂಕಗಳನ್ನು ಎಂದಿಗೂ ಇಡಬಾರದು. ಅಭ್ಯಾಸದ ಗಣಕ ಸ್ನೇಹಿತರ ಕೈಗೆ ಹೋಗುತ್ತದೆ, ದುರಸ್ತಿಯ ಅಂಗಡಿಗೂ ಹೋಗುತ್ತದೆ. ಒಂದು ಹೆಣ್ಣುಮಗಳ ವಿವರ ಹೀಗೆ ಹೊರಬಿದ್ದರೆ ಅದನ್ನು ಮರಳಿ ಪಡೆಯುವ ಉಪಾಯ ಯಾವ ತಂತ್ರಾಂಶದಲ್ಲಿಯೂ ಇಲ್ಲ. ಪರೀಕ್ಷೆಗೆ ಕಲ್ಪಿತ ಹೆಸರುಗಳನ್ನೇ ಬಳಸಬೇಕು. ಸಂಘದ ಹಿರಿಯರೂ ಕೆಲಸ ಒಪ್ಪಿಸುವ ಮೊದಲೇ ಈ ನಿಯಮವನ್ನು ಕೇಳಿ ತಿಳಿದುಕೊಳ್ಳಬೇಕು.

ತಂದೆತಾಯಿಗಳಲ್ಲಿಯೂ ನಮ್ಮದೊಂದು ವಿನಂತಿಯಿದೆ. ಮಗನೋ ಮಗಳೋ ರಾತ್ರಿಯೆಲ್ಲ ಕಪ್ಪು ಪರದೆಯ ಮುಂದೆ ಕುಳಿತು ಒಂದೇ ಪುಟವನ್ನು ಹತ್ತು ಸಲ ತೆರೆದು ಮುಚ್ಚುತ್ತಿದ್ದರೆ, ಅದು ಕಾಲಹರಣವೆಂದು ಕೂಡಲೇ ಗದರಿಸಬೇಡಿ. ಏನು ಕೆಟ್ಟಿತು, ಹೇಗೆ ಸರಿಪಡಿಸಿದೆ ಎಂದು ಕೇಳಿರಿ. ಇಂಥ ಕೆಲಸದ ಗುರುತು ಕೇವಲ ಅಂಕಪಟ್ಟಿಯಲ್ಲಿ ಸಿಗುವುದಿಲ್ಲ. ಒಪ್ಪಿಗೆಯಾದ ತಿದ್ದುಪಡಿ ಮಾಡಿದವರ ಹೆಸರಿನೊಡನೆ ತಂತ್ರಾಂಶದ ಚರಿತ್ರೆಯಲ್ಲಿ ಉಳಿಯುತ್ತದೆ. ಕೆಲಸ ಕೊಡುವವರೂ ಅದನ್ನು ತೆರೆದು ಓದಬಹುದು. ಹೆಣ್ಣುಮಕ್ಕಳನ್ನು ದೂರದ ಊರಿಗೆ ತರಬೇತಿಗೆ ಕಳುಹಿಸಲು ಹಿಂಜರಿಯುವ ಮನೆಗಳಲ್ಲಿ ಈ ದಾರಿ ಇನ್ನೂ ಹೆಚ್ಚು ಉಪಯುಕ್ತವೆಂದು ನಾವು ಭಾವಿಸುತ್ತೇವೆ.

ಈ ತಿಂಗಳು ಮನೆಯ ಗಣಕದಲ್ಲಿ ಒಂದು ಪ್ರತಿಯನ್ನು ನಿಲ್ಲಿಸಿರಿ. ಅದರಲ್ಲಿ ನಿಮ್ಮ ಊರಿನ ಹೆಸರಿನ ಒಂದು ಪುಟವನ್ನು ಕನ್ನಡದಲ್ಲಿ ಬರೆಯಿರಿ. ಅದನ್ನು ಹುಡುಕಿ ನೋಡಿರಿ, ಸಿಗದಿದ್ದರೆ ಏಕೆ ಸಿಗಲಿಲ್ಲವೆಂದು ಶೋಧಿಸಿರಿ. ಸಾವಿರಾರು ಜನರಿಗೆ ಸೇರಿದ ಸೊತ್ತನ್ನು ಮುಟ್ಟುವ ಅಧಿಕಾರ ಇಂಥ ಸಣ್ಣ ಶೋಧನೆಗಳಿಂದಲೇ ಬರುತ್ತದೆ.