ಫೋಟೋದಲ್ಲಿರುವ ಆರು ಮಂದಿ

ಕಳೆದ ಮಳೆಗಾಲಕ್ಕೆ ಮುಂಚೆ ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರಿದ್ದ ಚಾಳನ್ನು ಕೆಡವಿ ಹೊಸದಾಗಿ ಕಟ್ಟುವುದೆಂದಾಯಿತು. ಐವತ್ತು ವರ್ಷ ಬಾಳಿದ ಖೋಲಿಯನ್ನು ಹದಿನೈದು ದಿನದಲ್ಲಿ ಖಾಲಿ ಮಾಡಬೇಕು. ಅಟ್ಟದ ಮೇಲಿದ್ದ ತಗಡಿನ ಪೆಟ್ಟಿಗೆ ರದ್ದಿಯವನ ಕೈಗೆ ಹೋಗುವ ಮುಂಚೆ ಅವರ ಸೊಸೆ ಒಮ್ಮೆ ಮುಚ್ಚಳ ತೆಗೆದು ನೋಡಿದರು. ಊರಿಗೆ ಕಳಿಸಿದ ಮನಿಯಾರ್ಡರುಗಳ ರಸೀದಿ, ದಾರ ಕಟ್ಟಿಟ್ಟ ಇನ್‌ಲ್ಯಾಂಡ್ ಪತ್ರಗಳು, ರಾತ್ರಿ ಶಾಲೆಯ ಅಂಕಪಟ್ಟಿ, ಅಡಿಯಲ್ಲಿ ಒಂದು ಗುಂಪು ಫೋಟೋ. ಫೋಟೋದಲ್ಲಿ ಹದಿನಾಲ್ಕು ಹುಡುಗರು. ಮಾವನವರು ಎಂಟು ಮಂದಿಯ ಹೆಸರು ಹೇಳಿದರು. ಮಿಕ್ಕ ಆರು ಜನರ ಮುಖ ನೆನಪಿದೆ, ಯಾವ ಹೋಟೆಲಿನಲ್ಲಿದ್ದರೆಂಬುದೂ ನೆನಪಿದೆ, ಹೆಸರು ಮಾತ್ರ ಬರಲಿಲ್ಲ.

ಆ ಫೋಟೋ ಈ ಸಂಚಿಕೆಯ ಒಳಪುಟದಲ್ಲಿದೆ. ಈ ಸಲದ ಸಂಪಾದಕೀಯಕ್ಕೆ ಅದೇ ಕಾರಣ.

ಮುಂಬಯಿ ಕನ್ನಡಿಗರ ಸಂಸ್ಥೆಗಳ ಇತಿಹಾಸ ಒಂದು ಮಟ್ಟಿಗೆ ದಾಖಲಾಗಿದೆ. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದು, ಮೈಸೂರು ಅಸೋಸಿಯೇಷನ್ 1926ರದು, ಬಂಟರ ಸಂಘ 1927ರದು, ಕರ್ನಾಟಕ ಸಂಘ 1933ರದು. ಮಾಟುಂಗಾ ಸ್ಟೇಷನ್ನಿನ ಬಳಿ ರಾಮ ನಾಯಕರು ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದದ್ದು 1942ರಲ್ಲಿ ಎಂಬುದೂ ಎಲ್ಲರಿಗೂ ಗೊತ್ತು. ಆದರೆ ಈ ಸಂಘಗಳ ಅಂಗಳ ತುಂಬಿದವರು, ಆ ಹೋಟೆಲುಗಳ ಅಡುಗೆಮನೆ ನಡೆಸಿದವರು ಯಾರು? ಅವರ ಬದುಕಿನ ಕಾಗದಗಳಿಗೆ ಇವತ್ತಿಗೂ ಒಂದು ಕಪಾಟಿಲ್ಲ.

ರಾತ್ರಿ ಶಾಲೆಗಳನ್ನೇ ತೆಗೆದುಕೊಳ್ಳಿ. ಕೊಂಕಣ ರೈಲು ಕರಾವಳಿಯುದ್ದಕ್ಕೂ ಓಡತೊಡಗಿದ್ದು 1998ರಲ್ಲಿ. ಅದಕ್ಕೆ ಎಷ್ಟೋ ಮುಂಚೆ ದಕ್ಷಿಣ ಕನ್ನಡದ ಹಳ್ಳಿಗಳಿಂದ ಮೀಸೆ ಮೂಡದ ಹುಡುಗರು ಹಡಗಿನಲ್ಲಿ, ಆಮೇಲೆ ಬಸ್ಸಿನಲ್ಲಿ ಇಲ್ಲಿಗೆ ಬಂದರು. ನಸುಕಿನಲ್ಲೆದ್ದು ಲೋಟ, ತಟ್ಟೆ ತೊಳೆದರು, ಮೇಜು ಒರೆಸಿದರು, ಸಂಜೆ ಕೈ ಒರೆಸಿಕೊಂಡು ಫೋರ್ಟಿನ ಕನ್ನಡ ರಾತ್ರಿ ಶಾಲೆಯ ಬೆಂಚಿಗೆ ಹೋಗಿ ಕೂತರು. ಪಾಠ ಮುಗಿದ ಮೇಲೆ ಹೋಟೆಲಿನ ನೆಲವೇ ಹಾಸಿಗೆ. ಹಾಗೆ ಓದಿದವರು ವಕೀಲರಾದರು, ಬ್ಯಾಂಕ್ ಅಧಿಕಾರಿಗಳಾದರು, ಸ್ವಂತ ಹೋಟೆಲಿನ ಮಾಲೀಕರಾದರು. ದಿನವಿಡೀ ದುಡಿದ ಮಕ್ಕಳಿಗೆ ರಾತ್ರಿ ಅಕ್ಷರ ಕಲಿಸಿದ ಈ ಕೆಲಸ ನನ್ನ ದೃಷ್ಟಿಯಲ್ಲಿ ನಾವು ಈ ಮಹಾನಗರದಲ್ಲಿ ಮಾಡಿದ ಎಲ್ಲಕ್ಕಿಂತ ದೊಡ್ಡ ಕೆಲಸ. ಅದಕ್ಕೆ ಸಾಕ್ಷಿ ಹೇಳಬಲ್ಲವರು ಈಗ ಎಂಬತ್ತರ ಆಚೆ ಇದ್ದಾರೆ.

ಸರ್ಕಾರದ ಪತ್ರಾಗಾರ ಇದೆಯಲ್ಲ ಎನ್ನಬಹುದು. ಇದೆ, ಬಹಳ ದೊಡ್ಡದೇ ಇದೆ. ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿ ಮುಂಬಯಿ ಪ್ರಾಂತ್ಯದ ಕಡತಗಳಿವೆ. 1956ರ ನವೆಂಬರ್ 1ರವರೆಗೆ ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರಗಳು ಈ ಆಡಳಿತದಲ್ಲೇ ಇದ್ದವು. ಆದರೆ ಕಲೆಕ್ಟರರು ಬರೆದದ್ದು ಅಲ್ಲಿ ಸಿಗುತ್ತದೆ, ಹೋಟೆಲಿನ ಹುಡುಗ ಅಮ್ಮನಿಗೆ ಬರೆದದ್ದು ಸಿಗುವುದಿಲ್ಲ. ಅದನ್ನು ಕಾಯುವುದು ನಮ್ಮದೇ ಹೊಣೆ.

ಈ ಹೊಣೆಯಲ್ಲಿ ನಮ್ಮ ಸಂಘವೂ ತಪ್ಪಿದೆ. ನಮ್ಮ ಮೊದಲ ಮೂರು ಸ್ಮರಣ ಸಂಚಿಕೆಗಳ ಒಂದು ಪ್ರತಿಯೂ ಕಚೇರಿಯಲ್ಲಿಲ್ಲ. ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿದ ನಂತರದ ಸಂಚಿಕೆಗಳು ಸಿಡಿಯಲ್ಲಿವೆ. ಅವನ್ನು ತೆರೆದರೆ ಅಂದಿನ ಫಾಂಟು ಇಂದಿನ ಯಂತ್ರದಲ್ಲಿಲ್ಲದೆ, ಕನ್ನಡವಿರಬೇಕಾದಲ್ಲಿ ಅರ್ಥವಾಗದ ಚಿಹ್ನೆಗಳು ಕಾಣುತ್ತವೆ. ಅವನ್ನು ಯೂನಿಕೋಡಿಗೆ ತಂದು, ಒಂದೊಂದು ಪುಟವನ್ನೂ ಓದಿ ತಿದ್ದಬೇಕಾಗಿದೆ. ನಮ್ಮ ಯುವ ಸದಸ್ಯರು ಈ ಕೆಲಸಕ್ಕೆ ಕೂತಿದ್ದಾರೆ.

ಸಿಕ್ಕ ಸಂಚಿಕೆಗಳನ್ನು ತಿರುವಿದಾಗ ಇನ್ನೊಂದು ಕೊರತೆ ಕಂಡಿತು. ಹಾರ ಹಾಕಿಸಿಕೊಂಡವರ ಚಿತ್ರಗಳು ಬೇಕಾದಷ್ಟಿವೆ. ಹತ್ತಡಿ ಖೋಲಿಯಲ್ಲಿ ಎಂಟು ಜನರಿಗೆ ಬೇಯಿಸಿ ಹಾಕುತ್ತ, ಸಂಜೆ ಭಜನೆ ಮಂಡಳಿ ನಡೆಸಿದ ಹೆಂಗಸರು ಒಂದು ಪುಟದಲ್ಲೂ ಇಲ್ಲ. ವಿಜಯಪುರ, ಕಲಬುರಗಿ ಕಡೆಯಿಂದ ಬಂದು ಈ ನಗರದ ಕಟ್ಟಡಗಳಿಗೆ ಕಲ್ಲು, ಮಣ್ಣು ಹೊತ್ತವರೂ ಇಲ್ಲ. ಅವರ ಮಕ್ಕಳು ಕಲಿತ ಮಹಾನಗರಪಾಲಿಕೆಯ ಕನ್ನಡ ಶಾಲೆಗಳಲ್ಲಿ ಪ್ರವೇಶ ಪುಸ್ತಕಗಳಿರುತ್ತವೆ. ಶಾಲೆಗೆ ಬೀಗ ಬೀಳುವ ಮುಂಚೆಯೇ ಅನುಮತಿ ಪಡೆದು ಅವುಗಳ ಚಿತ್ರ ತೆಗೆದಿಡಬೇಕು.

ಮನೆಯಲ್ಲಿ ಇಂದೇ ಮಾಡಬಹುದಾದ ಕೆಲಸಗಳೂ ಇವೆ. ಹರಿದ ಪತ್ರಕ್ಕೆ ಸೆಲೋಟೇಪು ಅಂಟಿಸಬೇಡಿ, ಅದರ ಅಂಟು ಕಾಗದವನ್ನೇ ತಿನ್ನುತ್ತದೆ. ಲ್ಯಾಮಿನೇಷನ್ ಬೇಡ. ತುಕ್ಕು ಹಿಡಿಯುವ ಪಿನ್ನುಗಳನ್ನು ತೆಗೆಯಿರಿ. ಈ ಊರಿನ ಮಳೆಗಾಲದ ತೇವ ತಾಗದ ಕಡೆ ಇಡಿ. ಫೋಟೋದ ಹಿಂಬದಿಯಲ್ಲಿ ಮೆದು ಪೆನ್ಸಿಲಿನಿಂದ ಯಾರು, ಎಲ್ಲಿ, ಯಾವ ವರ್ಷ ಎಂದು ಬರೆಯಿರಿ. ಹಿರಿಯರ ಮಾತನ್ನು ಮೊಬೈಲಿನಲ್ಲಿ ಹಿಡಿದಿಡಿ. ಅವರು ತುಳುವಿನಲ್ಲಾಗಲಿ ಕೊಂಕಣಿಯಲ್ಲಾಗಲಿ ನಡುನಡುವೆ ಮರಾಠಿ ಬೆರೆಸಿಯಾಗಲಿ ಹೇಳಲಿ, ತಿದ್ದಬೇಡಿ. ಆ ಬೆರಕೆ ಮಾತೂ ಮುಂಬಯಿ ಕನ್ನಡಿಗರ ಇತಿಹಾಸವೇ.

ಪತ್ರಗಳಲ್ಲಿ ಸಾಲದ ಮಾತಿರುತ್ತದೆ, ಅಣ್ಣತಮ್ಮಂದಿರ ಮುನಿಸಿರುತ್ತದೆ. ಎಲ್ಲವನ್ನೂ ಎಲ್ಲರಿಗೂ ತೋರಿಸಬೇಕಿಲ್ಲ. ಯಾವುದನ್ನು ತೋರಿಸಬಹುದು, ಯಾವುದನ್ನು ಮುಚ್ಚಿಡಬೇಕು ಎಂಬುದು ಆಯಾ ಮನೆಯವರ ನಿರ್ಧಾರ. ಸಂಘ ಅದನ್ನು ಬರಹದಲ್ಲಿ ಪಡೆದು, ಹಾಗೆಯೇ ನಡೆದುಕೊಳ್ಳುತ್ತದೆ.

ಇನ್ನು ಮುಂದೆ ಪ್ರತಿ ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ನಮ್ಮ ಕಚೇರಿಯಲ್ಲಿ ಸ್ಕ್ಯಾನರ್ ಇರುತ್ತದೆ, ಜೊತೆಗೆ ಇಬ್ಬರು ಸ್ವಯಂಸೇವಕರು. ನಿಮ್ಮ ಕಾಗದ ನಿಮ್ಮ ಕಣ್ಣೆದುರೇ ಪ್ರತಿಯಾಗಿ, ನಿಮ್ಮ ಕೈಚೀಲದಲ್ಲೇ ಮನೆಗೆ ಮರಳುತ್ತದೆ. ದಯವಿಟ್ಟು ಬನ್ನಿ. ಬರುವ ಮುಂಚೆ ಒಳಪುಟದ ಫೋಟೋವನ್ನು ಮನೆಯ ಹಿರಿಯರಿಗೆ ತೋರಿಸಿ. ಹಿಂದಿನ ಸಾಲಿನ ಎಡತುದಿಯ ನಾಲ್ವರು ಮತ್ತು ಮುಂದೆ ನೆಲದ ಮೇಲೆ ಕುಳಿತ ಇಬ್ಬರು ಯಾರೆಂದು ಅವರಿಗೆ ಗೊತ್ತಿದ್ದರೆ, ನಮಗೆ ತಿಳಿಸಿ.